ಮಗುವಿನ ಮಾತು ತಡವೇ? ಪೋಷಕರ ಪ್ರಶ್ನಾವಳಿಯನ್ನು ಸರಿಯಾಗಿ ತುಂಬುವ ಬಗೆ

"ಮಗನಿಗೆ ಎರಡು ವರ್ಷ ತುಂಬುತ್ತ ಬಂತು. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಮಾತು ಮಾತ್ರ ಬಂದಿಲ್ಲ. ಕಾಯಬೇಕೋ, ಯಾರಿಗಾದರೂ ತೋರಿಸಬೇಕೋ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮಕ್ಕಳ ವೈದ್ಯರು ಕೊಟ್ಟ ಪ್ರಶ್ನಾವಳಿಯನ್ನು ಕೈಯಲ್ಲಿ ಹಿಡಿದು "ಇದನ್ನು ಹೇಗೆ ತುಂಬುವುದು?" ಎಂದು ಕೇಳುವವರೂ ಅಷ್ಟೇ ಮಂದಿ ಇದ್ದಾರೆ. ಎರಡಕ್ಕೂ ಸೇರಿಸಿ ಇಲ್ಲಿ ಉತ್ತರಿಸುತ್ತಿದ್ದೇನೆ. ಒಂದೂವರೆಯಿಂದ ಮೂರು ವರ್ಷದೊಳಗಿನ ಮಗುವಿರುವ ಮನೆಯವರಿಗೆ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಂಗನವಾಡಿ ಕಾರ್ಯಕರ್ತೆಯರಿಗೂ ಬೇಕಾದೀತು.

ಮೊದಲು ಎರಡು ಮೂರು ಪದಗಳು ಸ್ಪಷ್ಟವಾಗಲಿ. ಸ್ಕ್ರೀನಿಂಗ್ ಎಂದರೆ ಜರಡಿ ಹಿಡಿಯುವುದು. ಯಾವ ಮಗುವನ್ನು ತಜ್ಞರು ಕೂತು ನೋಡಬೇಕು, ಯಾವುದನ್ನು ಸದ್ಯಕ್ಕೆ ಬಿಡಬಹುದು ಎಂಬುದನ್ನಷ್ಟೇ ಅದು ಹೇಳುತ್ತದೆ. ಮಗುವಿಗೆ ಏನಾಗಿದೆ, ಏಕಾಗಿದೆ ಎಂದು ತೀರ್ಮಾನಿಸುವುದು ರೋಗನಿರ್ಣಯ; ಅದು ಯಾವ ಪ್ರಶ್ನಾವಳಿಯಿಂದಲೂ ಆಗುವುದಿಲ್ಲ. ಇನ್ನು ಭಾಷೆಗೆ ಎರಡು ಮುಖಗಳಿವೆ. ಬೇರೆಯವರು ಹೇಳಿದ್ದು ಮಗುವಿಗೆ ತಿಳಿಯುವುದು ಗ್ರಹಿಕೆ. ತನಗೆ ಬೇಕಾದದ್ದನ್ನು ಮಾತಿನಲ್ಲೋ ಸನ್ನೆಯಲ್ಲೋ ತಿಳಿಸುವುದು ಅಭಿವ್ಯಕ್ತಿ. ಮನೆಯವರು ಸಾಮಾನ್ಯವಾಗಿ ಎರಡನೆಯದನ್ನಷ್ಟೇ ಎಣಿಸುತ್ತಾರೆ. ತಜ್ಞರು ಮೊದಲು ನೋಡುವುದು ಒಂದನೆಯದನ್ನು.

ವೈದ್ಯರೇ ಪರೀಕ್ಷಿಸುವುದನ್ನು ಬಿಟ್ಟು ಮನೆಯವರನ್ನು ಏಕೆ ಕೇಳುತ್ತಾರೆ ಎಂಬ ಸಂಶಯ ಸಹಜ. ಅಪರಿಚಿತ ಕೋಣೆಯಲ್ಲಿ, ಸೂಜಿಯ ನೆನಪಿರುವ ಎರಡು ವರ್ಷದ ಮಗು ಹತ್ತು ನಿಮಿಷದಲ್ಲಿ ಬಾಯಿ ಬಿಡುವುದು ಅಪರೂಪ. ಅದು ಬೆಳಗಿನಿಂದ ರಾತ್ರಿಯವರೆಗೆ ಏನೇನು ಹೇಳುತ್ತದೆ ಎಂಬುದು ಜೊತೆಗಿರುವವರಿಗೆ ಗೊತ್ತು. ಪಟ್ಟಿ ಮುಂದಿಟ್ಟು ಕೇಳಿದಾಗ ಪೋಷಕರು ಕೊಡುವ ಉತ್ತರ, ತಜ್ಞರ ನೇರ ಪರೀಕ್ಷೆಯ ಫಲಿತಾಂಶದೊಂದಿಗೆ ಸಾಕಷ್ಟು ಹೊಂದುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. "ನಿಮ್ಮ ಮಗು ಚೆನ್ನಾಗಿ ಮಾತನಾಡುತ್ತದೆಯೇ?" ಎಂದು ಸುಮ್ಮನೆ ಕೇಳಿದರೆ ಮಾತ್ರ ಸಿಗುವ ಉತ್ತರ ಯಾವ ಕೆಲಸಕ್ಕೂ ಬಾರದು.

ಪ್ರಶ್ನಾವಳಿಗಾಗಿ ಕಾಯಬಾರದವರು

ಕೆಳಗಿನ ಲಕ್ಷಣಗಳಲ್ಲಿ ಯಾವುದಾದರೂ ಒಂದು ಇದ್ದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು ಮಕ್ಕಳ ವೈದ್ಯರ ಭೇಟಿಗೆ ದಿನ ಗೊತ್ತುಮಾಡಿಕೊಳ್ಳಿ.

- 12 ತಿಂಗಳಾದರೂ "ಬಬಬ", "ದದದ" ಎಂಬಂಥ ತೊದಲು ಇಲ್ಲ. ಅಥವಾ ಬೆರಳು ತೋರಿಸುವುದು, ಟಾಟಾ ಮಾಡುವುದು ಮುಂತಾದ ಸನ್ನೆಗಳಿಲ್ಲ.
- 16 ತಿಂಗಳಾದರೂ ಅರ್ಥವಿರುವ ಒಂದು ಪದವೂ ಇಲ್ಲ.
- 24 ತಿಂಗಳಾದರೂ ಎರಡು ಪದಗಳನ್ನು ತಾನಾಗಿ ಜೋಡಿಸುತ್ತಿಲ್ಲ.
- ಯಾವುದೇ ವಯಸ್ಸಿನಲ್ಲಿ, ಬಂದಿದ್ದ ಮಾತು ಅಥವಾ ಬೆರೆಯುವ ಗುಣ ಹೊರಟುಹೋಗಿದೆ.

ಕೊನೆಯದು ಎಲ್ಲಕ್ಕಿಂತ ಮುಖ್ಯ. "ಆಗ ಹತ್ತು ಮಾತು ಆಡುತ್ತಿತ್ತು, ಈಗ ಒಂದೂ ಇಲ್ಲ" ಎಂಬುದನ್ನು ಹಠವೆಂದೋ ದೃಷ್ಟಿ ತಗುಲಿದೆಯೆಂದೋ ತಳ್ಳಿಹಾಕಬೇಡಿ.

ಹಂತ 1: ಕಿವಿ

ಮಾತಿನ ಪ್ರಶ್ನೆ ಬಂದಾಗ ನಾಲಿಗೆಯನ್ನು ನೋಡುವವರು ಬಹಳ, ಕಿವಿಯನ್ನು ನೋಡುವವರು ಕಡಿಮೆ. ಪ್ರಶ್ನಾವಳಿ ತುಂಬುವ ಮೊದಲೇ, ಇಲ್ಲವೇ ಅದರ ಜೊತೆಜೊತೆಗೆ, ಶ್ರವಣ ಪರೀಕ್ಷೆ ಆಗಲೇಬೇಕು. "ಕುಕ್ಕರ್ ಕೂಗಿದರೆ ತಿರುಗುತ್ತಾನೆ, ಬಾಗಿಲು ಬಡಿದರೆ ಬೆಚ್ಚುತ್ತಾನೆ" ಎಂಬುದು ಸಾಕ್ಷ್ಯವಲ್ಲ. ಅಲ್ಪ ಪ್ರಮಾಣದ ಅಥವಾ ಒಂದೇ ಕಿವಿಯ ಶ್ರವಣದೋಷವಿರುವ ಮಗು ದೊಡ್ಡ ಸದ್ದಿಗೆ ತಿರುಗಿಯೇ ತಿರುಗುತ್ತದೆ. ಅದಕ್ಕೆ ತಪ್ಪಿಹೋಗುವುದು ಮಾತಿನ ಮೆಲು ಧ್ವನಿಗಳು.

ಮೂರು ಪರೀಕ್ಷೆಗಳ ಹೆಸರು ಕಿವಿಗೆ ಬೀಳುತ್ತದೆ. ಓಎಇ ಎಂದರೆ ಕಿವಿಯಲ್ಲಿ ಸಣ್ಣ ಮೊನೆಯಿಟ್ಟು ಒಳಗಿವಿಯ ಪ್ರತಿಧ್ವನಿಯನ್ನು ಅಳೆಯುವುದು. ಕೆಲವೇ ನಿಮಿಷಗಳ ಕೆಲಸ, ನೋವಿಲ್ಲ. ಬೆರಾ ಎಂದರೆ ಮಗು ಮಲಗಿರುವಾಗ ತಲೆಗೆ ತಂತಿಗಳನ್ನು ಅಂಟಿಸಿ, ಸದ್ದು ನರದ ಮೂಲಕ ಮಿದುಳಿನ ಕಡೆಗೆ ಸಾಗುತ್ತಿದೆಯೇ ಎಂದು ನೋಡುವುದು. ಟಿಂಪನೋಮೆಟ್ರಿ ಎಂಬುದು ಕಿವಿಯ ತಮಟೆಯ ಹಿಂದೆ ನೀರು ನಿಂತಿದೆಯೇ ಎಂದು ತಿಳಿಸುತ್ತದೆ. ಪದೇಪದೇ ನೆಗಡಿಯಾಗುವ ಮಕ್ಕಳಲ್ಲಿ ಈ ನೀರು ವಾರಗಟ್ಟಲೆ ನಿಂತು, ಕೇಳಿಸುವುದನ್ನು ಮಂದ ಮಾಡುತ್ತದೆ.

ಎಚ್ಚರಿಕೆ: ಹುಟ್ಟಿದಾಗ ಮಾಡಿದ ಶ್ರವಣ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದು ಈಗಿನದನ್ನು ಬಿಡಬೇಡಿ. ದೋಷ ಆಮೇಲೆಯೂ ಬರಬಹುದು.

ಹಂತ 2: ವಯಸ್ಸಿನ ಲೆಕ್ಕ

ಸುಲಭವೆನ್ನಿಸುವ ಈ ಕೆಲಸದಲ್ಲಿ ತಪ್ಪುವವರು ಬಹಳ. ಪ್ರಶ್ನಾವಳಿಗೆ ಬೇಕಾದದ್ದು ತುಂಬಿದ ತಿಂಗಳುಗಳ ಲೆಕ್ಕ. "ಎರಡರಲ್ಲಿ ನಡೆಯುತ್ತಿದೆ" ಎಂದರೆ ಹದಿಮೂರು ತಿಂಗಳೂ ಆಗಬಹುದು, ಇಪ್ಪತ್ತಮೂರೂ ಆಗಬಹುದು. ಅವೆರಡರ ನಡುವೆ ಮಗುವಿನ ಭಾಷೆ ಗುರುತು ಸಿಗದಷ್ಟು ಬೆಳೆದಿರುತ್ತದೆ.

ಅವಧಿಗೆ ಮೊದಲೇ ಹುಟ್ಟಿದ ಮಗುವಾದರೆ ಎರಡು ವರ್ಷ ತುಂಬುವ ತನಕ ವಯಸ್ಸನ್ನು ಸರಿಪಡಿಸಿ ಲೆಕ್ಕ ಹಾಕಬೇಕು. ಒಂದು ಉದಾಹರಣೆ: ಮಗು 2024ರ ಮಾರ್ಚ್ 10ರಂದು, 32ನೆಯ ವಾರಕ್ಕೆ ಹುಟ್ಟಿದೆ. ನೀವು ಪ್ರಶ್ನಾವಳಿ ತುಂಬುತ್ತಿರುವುದು 2025ರ ನವೆಂಬರ್ 25ರಂದು. ಹುಟ್ಟಿದ ದಿನದಿಂದ ಎಣಿಸಿದರೆ 20 ತಿಂಗಳು 15 ದಿನ. ಪೂರ್ಣಾವಧಿಯ 40 ವಾರಗಳಿಗೆ 8 ವಾರ ಮೊದಲೇ ಹುಟ್ಟಿರುವುದರಿಂದ ಅಷ್ಟನ್ನು ಕಳೆಯಿರಿ. ಸರಿಪಡಿಸಿದ ವಯಸ್ಸು ಸುಮಾರು ಹದಿನೆಂಟೂವರೆ ತಿಂಗಳು. ಆ ವಯಸ್ಸಿನ ಹಾಳೆಯನ್ನೇ ತುಂಬಬೇಕು. ಎಷ್ಟನೆಯ ವಾರದ ಹೆರಿಗೆ ಎಂಬುದು ಆಸ್ಪತ್ರೆಯ ಡಿಸ್ಚಾರ್ಜ್ ಪತ್ರದಲ್ಲಿ ಇರುತ್ತದೆ.

ಹಂತ 3: ಯಾವ ಪ್ರಶ್ನಾವಳಿ?

ಬಳಕೆಯಲ್ಲಿರುವವು ಹಲವು. ನಿಮಗೆ ಎದುರಾಗಬಹುದಾದ ಕೆಲವನ್ನು ಮಾತ್ರ ಹೇಳುತ್ತೇನೆ.

ತಾಯಿ ಕಾರ್ಡ್: ಬಸುರಿನಲ್ಲೇ ಕೊಟ್ಟ ತಾಯಿ ಮತ್ತು ಮಗುವಿನ ರಕ್ಷಣಾ ಕಾರ್ಡು ಮನೆಯಲ್ಲೇ ಇರುತ್ತದೆ. ಚುಚ್ಚುಮದ್ದಿನ ಪುಟವನ್ನು ಬಿಟ್ಟರೆ ಉಳಿದ ಪುಟಗಳನ್ನು ತೆರೆದು ನೋಡಿದವರು ಕಡಿಮೆ. ಅದರಲ್ಲಿ ವಯಸ್ಸಿಗೆ ತಕ್ಕ ಬೆಳವಣಿಗೆಯ ಮೈಲಿಗಲ್ಲುಗಳಿವೆ. ಒರಟು ಅಳತೆ, ಆದರೆ ಕನ್ನಡದಲ್ಲಿದೆ, ಕೈಗೆಟಕುತ್ತದೆ. ಇಲ್ಲಿಂದ ಆರಂಭಿಸಿ.

ಲೆಸ್ಟ್: ತಿರುವನಂತಪುರದ ಶಿಶು ಅಭಿವೃದ್ಧಿ ಕೇಂದ್ರದಲ್ಲಿ ರೂಪುಗೊಂಡ ಭಾಷಾ ಮಾಪನ. ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗಾಗಿ ಮಾಡಿದ ಪಟ್ಟಿಯಲ್ಲಿ 33 ಅಂಶಗಳಿವೆ. ಪ್ರತಿ ಅಂಶದ ಎದುರು ಅದು ಬರಬೇಕಾದ ವಯಸ್ಸಿನ ಅಡ್ಡಪಟ್ಟಿ ಇರುತ್ತದೆ. ಮಗುವಿನ ವಯಸ್ಸಿನ ಜಾಗದಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಗೆರೆ ಎಳೆದರೆ, ಗೆರೆಯ ಎಡಕ್ಕೆ ಪೂರ್ತಿಯಾಗಿ ಮುಗಿದ ಅಂಶಗಳೆಲ್ಲ ಮಗುವಿಗೆ ಬಂದಿರಬೇಕು. ಭಾರತೀಯ ಮಕ್ಕಳನ್ನೇ ನೋಡಿ ಮಾಡಿದ್ದು ಎಂಬ ಕಾರಣಕ್ಕೆ ನನಗೆ ಇದು ಮೆಚ್ಚುಗೆ.

ಎಎಸ್‌ಕ್ಯು-3: ಮಗುವಿನ ಒಟ್ಟು ಬೆಳವಣಿಗೆಯನ್ನು ಐದು ಭಾಗಗಳಲ್ಲಿ ನೋಡುತ್ತದೆ, ಭಾಗಕ್ಕೆ ಆರು ಪ್ರಶ್ನೆಗಳು. ಸಂವಹನ ಎಂಬ ಭಾಗ ನಮಗೆ ಮುಖ್ಯ. ಹಣ ಕೊಟ್ಟು ಕೊಳ್ಳಬೇಕಾದ ಪ್ರಶ್ನಾವಳಿ ಇದು. ಸಾಮಾನ್ಯವಾಗಿ ಆಸ್ಪತ್ರೆಯವರೇ ಹಾಳೆ ಕೊಡುತ್ತಾರೆ.

ಪದಪಟ್ಟಿಗಳು: ಅಮೆರಿಕದ ಮನಃಶಾಸ್ತ್ರಜ್ಞೆ ಲೆಸ್ಲಿ ರೆಸ್ಕೋರ್ಲಾ 1989ರಲ್ಲಿ ಪ್ರಕಟಿಸಿದ ಭಾಷಾ ಬೆಳವಣಿಗೆಯ ಸಮೀಕ್ಷೆಯಲ್ಲಿ 310 ಪದಗಳಿವೆ, ಮಗು ಆಡುವ ಪದಗಳಿಗೆ ಗುರುತು ಹಾಕಬೇಕು. 24 ತಿಂಗಳಿಗೆ 50 ಪದಗಳಿಗಿಂತ ಕಡಿಮೆ ಇದ್ದರೆ, ಅಥವಾ ಪದ ಜೋಡಣೆ ಇಲ್ಲದಿದ್ದರೆ ಮುಂದಿನ ಪರೀಕ್ಷೆ ಬೇಕು ಎಂಬ ಪ್ರಸಿದ್ಧ ಅಳತೆ ಬಂದದ್ದು ಇಲ್ಲಿಂದ. ಸಿಡಿಐ ಎಂದು ಕರೆಯುವ ಮೆಕಾರ್ಥರ್-ಬೇಟ್ಸ್ ಪಟ್ಟಿ ಇನ್ನೂ ದೊಡ್ಡದು. 8ರಿಂದ 18 ತಿಂಗಳಿಗೆ ಒಂದು, 16ರಿಂದ 30 ತಿಂಗಳಿಗೆ ಒಂದು ಎಂದು ಅದರಲ್ಲಿ ಎರಡು ಮುಖ್ಯ ನಮೂನೆಗಳಿವೆ.

ಎಂ-ಚಾಟ್-ಆರ್: 16ರಿಂದ 30 ತಿಂಗಳ ಮಕ್ಕಳಿಗೆ 20 ಪ್ರಶ್ನೆಗಳು. ಇದು ಭಾಷೆಯನ್ನು ಅಳೆಯುವುದಿಲ್ಲ, ಆಟಿಸಂನ (ಬೆರೆಯುವುದರಲ್ಲಿ, ಸಂವಹನದಲ್ಲಿ ತೊಡಕಿರುವ ಬೆಳವಣಿಗೆಯ ಸ್ಥಿತಿ) ಸೂಚನೆಗಳನ್ನು ಹುಡುಕುತ್ತದೆ. ಮಾತು ತಡವಾದ ಮಗುವಿಗೆ ಇದನ್ನೂ ತುಂಬಿಸುವುದು ವಾಡಿಕೆ, ಗಾಬರಿಯಾಗಬೇಕಿಲ್ಲ.

ಎಚ್ಚರಿಕೆ: ಅಂತರ್ಜಾಲದಲ್ಲಿ ಸಿಕ್ಕ ಇಂಗ್ಲಿಷ್ ಪದಪಟ್ಟಿಯನ್ನು ನೀವೇ ಕನ್ನಡಕ್ಕೆ ತಿರುಗಿಸಿ, ಅದರ ಅಂಕಗಳನ್ನು ಹಾಗೆಯೇ ಅನ್ವಯಿಸಬೇಡಿ. ಅಮೆರಿಕದ ಪಟ್ಟಿಯಲ್ಲಿ ಹಿಮದ ಮೇಲೆ ಜಾರುವ ಗಾಡಿ ಇರುತ್ತದೆ, ಸೇಬಿನ ಗೊಜ್ಜು ಇರುತ್ತದೆ. ನಮ್ಮ ಮಗು ದಿನಾ ನೋಡುವ ಮುದ್ದೆ, ಸಾರು, ಪೊರಕೆ, ಹಲ್ಲಿ ಇರುವುದಿಲ್ಲ. ನಮ್ಮಲ್ಲೂ ಊರೂರಿಗೆ ಪದ ಬೇರೆ: ಅಮ್ಮ ಒಂದು ಮನೆಯಲ್ಲಿ ಅವ್ವ, ಇನ್ನೊಂದರಲ್ಲಿ ಅಬ್ಬೆ, ತಾತ ಉತ್ತರ ಕರ್ನಾಟಕದಲ್ಲಿ ಮುತ್ಯಾ. ಪಟ್ಟಿಯಲ್ಲಿರುವ ಪದದ ಬದಲು ನಿಮ್ಮ ಮನೆಯ ಪದವನ್ನು ಮಗು ಆಡಿದರೆ ಅದಕ್ಕೆ ಧಾರಾಳವಾಗಿ ಗುರುತು ಹಾಕಿ.

ಹಂತ 4: ಯಾರು ತುಂಬಬೇಕು?

ಮಗುವಿನೊಡನೆ ಹಗಲು ಹೆಚ್ಚು ಹೊತ್ತು ಕಳೆಯುವವರು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಅದು ಅಜ್ಜಿಯಾಗಿರಬಹುದು, ನೋಡಿಕೊಳ್ಳುವ ಆಯಾ ಆಗಿರಬಹುದು. ಅಜ್ಜಿಗೆ ಓದಲು ಬಾರದಿದ್ದರೆ ಒಬ್ಬರು ಗಟ್ಟಿಯಾಗಿ ಓದಿ ಹೇಳಿ, ಅವರ ಉತ್ತರವನ್ನು ಹೇಳಿದಂತೆಯೇ ಬರೆದುಕೊಳ್ಳಲಿ. ಓದುವವರು "ಮಾಡುತ್ತಾಳೆ ಅಲ್ಲವೇ?" ಎಂದು ಬಾಲ ಸೇರಿಸಿದರೆ ಉತ್ತರ ಅಲ್ಲಿಯೇ ಕೆಟ್ಟಿತು. ಅಂಗನವಾಡಿಯಲ್ಲಿ ಕೇಳುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಟೀಚರ್ ಎದುರು "ಇಲ್ಲ" ಎನ್ನಲು ತಾಯಂದಿರಿಗೆ ಸಂಕೋಚ.

ಇಬ್ಬರ ಉತ್ತರಗಳು ಬೇರೆಯಾದರೆ ಜಗಳ ಬೇಡ. ಎರಡನ್ನೂ ಬೇರೆ ಬೇರೆ ಬಣ್ಣದಲ್ಲಿ ಬರೆಯಿರಿ. ಆ ವ್ಯತ್ಯಾಸವೇ ತಜ್ಞರಿಗೆ ಉಪಯುಕ್ತ ಮಾಹಿತಿ.

ಹಂತ 5: ಒಂದು ವಾರದ ನೋಟ್‌ಬುಕ್

ಈ ಹಂತವನ್ನು ಹಾರಿಸುವವರೇ ಹೆಚ್ಚು, ಪ್ರಶ್ನಾವಳಿ ಹಾಳಾಗುವುದೂ ಇಲ್ಲಿಯೇ. ನೆನಪಿನಿಂದ ತುಂಬಿದರೆ ಪ್ರೀತಿ ಅಂಕ ಹಾಕುತ್ತದೆ. ಅಡುಗೆಮನೆಯ ಬಾಗಿಲಿಗೆ ಒಂದು ನೋಟ್‌ಬುಕ್ ಕಟ್ಟಿ, ಏಳು ದಿನ ಮಗು ಆಡಿದ ಮಾತುಗಳನ್ನು ಆಡಿದಂತೆಯೇ ಬರೆಯಿರಿ. ಯಾವುದನ್ನು ಎಣಿಸಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಸೂತ್ರ ಇಷ್ಟೇ: ಮಗು ತಾನಾಗಿಯೇ, ಒಂದೇ ವಸ್ತು ಅಥವಾ ಕೆಲಸಕ್ಕೆ, ಮತ್ತೆ ಮತ್ತೆ ಬಳಸುವ ಧ್ವನಿ ಒಂದು ಪದ.

ಇಪ್ಪತ್ತೆರಡು ತಿಂಗಳ ಮಗುವೊಂದರ ಪುಟವನ್ನು ಕಲ್ಪಿಸಿಕೊಳ್ಳೋಣ.

"ನೀಯಿ" ಎಂದು ಪ್ರತಿ ಸಲ ನೀರಿಗೆ ಹೇಳುತ್ತಾಳೆ: ಎಣಿಸಿ. ಉಚ್ಚಾರ ತಪ್ಪಾಗಿರುವುದು ಈ ವಯಸ್ಸಿಗೆ ಸಹಜ. ರಕಾರ ಸರಿಯಾಗಿ ಕೂರಲು ಇನ್ನೂ ವರ್ಷಗಳು ಬೇಕು.

"ಮಮ್ಮು", "ತಾಚಿ", "ಬೌಬೌ", "ಬುರ್": ಎಣಿಸಿ. ಊಟ, ನಿದ್ದೆ, ನಾಯಿ, ಗಾಡಿ ಎಂಬ ಅರ್ಥ ಅವುಗಳಲ್ಲಿ ಸ್ಪಷ್ಟವಾಗಿದೆ. ಮಗುವಿನ ಭಾಷೆಯ ಪದಗಳೆಂದು ಕೀಳಾಗಿ ನೋಡಬೇಡಿ.

ಅಜ್ಜಿ "ಹೂವು ಅನ್ನು" ಎಂದಾಗ "ಊವು" ಎಂದಳು: ಬಿಡಿ. ಅದು ಅನುಕರಣೆ. ಮರುದಿನ ತುಳಸಿಕಟ್ಟೆಯ ಹತ್ತಿರ ತಾನೇ "ಊವು" ಎಂದರೆ ಆಗ ಎಣಿಸಿ.

ಮೊಬೈಲ್ ನೋಡಿ ಕಲಿತ ಇಂಗ್ಲಿಷ್ ಶಿಶುಗೀತೆ, ಒಂದರಿಂದ ಹತ್ತು, ಎಬಿಸಿಡಿ: ಬಿಡಿ. ಇದರಲ್ಲಿ ಮೋಸಹೋಗುವ ಮನೆಗಳಿಗೆ ಲೆಕ್ಕವಿಲ್ಲ. ಇಪ್ಪತ್ತಾರು ಅಕ್ಷರ ಒಪ್ಪಿಸುವ ಮಗು "ನೀರು ಬೇಕು" ಎನ್ನದೆ ಕೈಹಿಡಿದು ಎಳೆಯುತ್ತಿದ್ದರೆ, ಆ ಇಪ್ಪತ್ತಾರು ಅಕ್ಷರಗಳು ನಿಮಗೆ ಸಮಾಧಾನ ಕೊಡಬಾರದು.

"ಸೇಬು" ಎಂದೂ ಹೇಳುತ್ತಾಳೆ, "ಆಪು" ಎಂದೂ ಹೇಳುತ್ತಾಳೆ: ಎರಡನ್ನೂ ಬರೆದು, ಒಂದೇ ಹಣ್ಣಿನ ಹೆಸರುಗಳೆಂದು ಪಕ್ಕದಲ್ಲಿ ಗುರುತು ಹಾಕಿ. ತುಳು, ಕೊಂಕಣಿ, ಉರ್ದು, ತಮಿಳು, ತೆಲುಗು ಯಾವುದಾದರೂ ಸರಿ, ಮಗು ಆಡುವ ಎಲ್ಲ ಭಾಷೆಯ ಪದಗಳೂ ಲೆಕ್ಕಕ್ಕೆ ಸೇರಬೇಕು. ಕನ್ನಡದಲ್ಲಿ ಇಪ್ಪತ್ತು, ತುಳುವಿನಲ್ಲಿ ಮೂವತ್ತೈದು ಪದವಿರುವ ಮಗುವನ್ನು ಒಂದೇ ಭಾಷೆಯ ಪಟ್ಟಿಯಲ್ಲಿ ಅಳೆದು ಹಿಂದುಳಿದಿದೆ ಎನ್ನುವುದು ಅಳೆದವರ ತಪ್ಪು. ಎರಡು ಮೂರು ಭಾಷೆ ಕೇಳಿಸಿಕೊಳ್ಳುವುದರಿಂದ ಮಾತು ತಡವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮನೆಮಾತು ಬಿಟ್ಟು ಇಂಗ್ಲಿಷ್ ಮಾತ್ರ ಆಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ಇನ್ನೊಬ್ಬ ತಜ್ಞರನ್ನು ಕೇಳಿ.

ಪದ ಜೋಡಣೆಯಲ್ಲಿ ಕನ್ನಡದ್ದೇ ಆದ ಒಂದು ತೊಡಕಿದೆ. "ಬಾಮ್ಮ", "ಕೊಡಪ್ಪ" ಎನ್ನುವುದು ದೊಡ್ಡವರ ಕಿವಿಗೆ ಎರಡು ಪದ. ಮಗು ಅದನ್ನು ಇಡಿಯಾಗಿ ಒಂದೇ ಪದವೆಂದು ಕಲಿತಿರಬಹುದು. ತಾತನನ್ನು ಕರೆಯುವಾಗಲೂ "ಬಾಮ್ಮ" ಎಂದರೆ ಅದು ಜೋಡಣೆಯಲ್ಲ. "ಅಮ್ಮ ಬಾ", "ತಾತ ಬಾ", "ಬಸ್ಸು ಹೋಯಿತು", "ಇನ್ನೂ ಬೇಕು" ಹೀಗೆ ಒಂದು ಪದ ಬದಲಾಗುತ್ತ ಬಂದರೆ ಅದು ನಿಜವಾದ ಜೋಡಣೆ. ಇನ್ನೊಂದು: "ಅಜ್ಜಿಗೆ", "ಅಪ್ಪಂದು" ಎಂದು ಪ್ರತ್ಯಯ ಸೇರಿಸಿ ಆಡುವ ಮಗು ಒಂದೇ ಪದದಲ್ಲಿ ವ್ಯಾಕರಣ ತೋರಿಸುತ್ತಿದೆ. ಇಂಗ್ಲಿಷಿನಿಂದ ಬಂದ ಪ್ರಶ್ನಾವಳಿ ಇದನ್ನು ಕೇಳದೇ ಹೋಗಬಹುದು. ನೀವೇ ಅಂಚಿನಲ್ಲಿ ಬರೆದಿಡಿ.

ನೋಟ್‌ಬುಕ್ಕಿನ ಎಡಪುಟ ಮಾತಿಗಾದರೆ ಬಲಪುಟ ಗ್ರಹಿಕೆಗೆ ಮತ್ತು ಸನ್ನೆಗೆ. ನನ್ನ ಮಟ್ಟಿಗೆ ಬಲಪುಟವೇ ಹೆಚ್ಚು ತೂಕದ್ದು. ಮಾತು ಕಡಿಮೆಯಿದ್ದರೂ ಗ್ರಹಿಕೆ ಮತ್ತು ಸನ್ನೆ ಚೆನ್ನಾಗಿರುವ ಮಕ್ಕಳು ಮುಂದೆ ಸರಿಹೋಗುವ ಸಾಧ್ಯತೆ ಹೆಚ್ಚು. ಮೂರೂ ಹಿಂದುಳಿದಿದ್ದರೆ ಕಾಯುವುದಕ್ಕೆ ಕಾರಣವೇ ಇಲ್ಲ.

"ಎಲ್ಲ ಅರ್ಥವಾಗುತ್ತದೆ" ಎಂಬುದನ್ನು ಪರೀಕ್ಷಿಸುವ ಬಗೆ ಹೀಗೆ. ಮಗು ನೆಮ್ಮದಿಯಾಗಿರುವಾಗ, ಕೈ ತೋರಿಸದೆ, ಆ ಕಡೆ ನೋಡದೆ, "ಚೆಂಡು ಕೊಡು" ಎನ್ನಿ. ಚೆಂಡು, ಬಟ್ಟಲು, ಚಪ್ಪಲಿ ಮೂರೂ ಎದುರಿಗಿರಲಿ. ನಾವು ದಿನವಿಡೀ ಬಾಯಿಯ ಜೊತೆಗೆ ಕೈ, ಕಣ್ಣು, ಕತ್ತು ಎಲ್ಲವನ್ನೂ ಬಳಸಿ ಮಾತನಾಡುತ್ತೇವೆ. ಚಪ್ಪಲಿ ಹಾಕಿಕೊಂಡು "ಹೊರಗೆ ಹೋಗೋಣವೇ?" ಎಂದಾಗ ಮಗು ಬಾಗಿಲಿಗೆ ಓಡಿದರೆ ಅದು ಓದಿದ್ದು ಚಪ್ಪಲಿಯನ್ನು. ಎರಡು ವರ್ಷಕ್ಕೆ "ಬಟ್ಟಲು ತೆಗೆದುಕೊಂಡು ಅಜ್ಜಿಗೆ ಕೊಡು" ಎಂಬ ಎರಡು ಭಾಗದ ಮಾತನ್ನೂ ಹೀಗೆಯೇ ನೋಡಿ.

ಸನ್ನೆಗಳಲ್ಲಿ ಬೆರಳು ತೋರಿಸುವುದನ್ನು ಎರಡಾಗಿ ಬರೆಯಿರಿ. ಬಿಸ್ಕತ್ತಿನ ಡಬ್ಬಿಯತ್ತ ತೋರಿಸುವುದು ಬೇಕು ಎನ್ನಲು. ಆಕಾಶದಲ್ಲಿ ವಿಮಾನ ತೋರಿಸಿ ನಿಮ್ಮ ಮುಖ ನೋಡುವುದು "ನೀನೂ ನೋಡು" ಎನ್ನಲು. ಎರಡನೆಯದು ಇಲ್ಲದಿದ್ದರೆ ಅದನ್ನು ವೈದ್ಯರಿಗೆ ಮರೆಯದೆ ಹೇಳಿ.

ಹಂತ 6: ಹಾಳೆ ತುಂಬುವುದು

ಹೆಚ್ಚಿನವುಗಳಲ್ಲಿ "ಹೌದು, ಇಲ್ಲ" ಎಂದಿರುತ್ತದೆ. ಎಎಸ್‌ಕ್ಯುದಲ್ಲಿ "ಹೌದು, ಕೆಲವೊಮ್ಮೆ, ಇನ್ನೂ ಇಲ್ಲ". ಪ್ರತಿ "ಹೌದು"ವಿಗೂ ನಿಮ್ಮನ್ನು ನೀವು ಒಂದು ಮಾತು ಕೇಳಿಕೊಳ್ಳಿ: ಕೊನೆಯ ಸಲ ಯಾವಾಗ ಮಾಡಿತು? ದಿನ, ಜಾಗ ನೆನಪಾಗದಿದ್ದರೆ "ಹೌದು" ಹಾಕಬೇಡಿ. ಒಂದೇ ಒಂದು ಸಲ ಮಾಡಿದ್ದು "ಹೌದು" ಅಲ್ಲ. ಹಿಂದೆ ಮಾಡುತ್ತಿದ್ದು ಈಗ ಬಿಟ್ಟಿದ್ದರೆ, ಈಗ ಏನೋ ಅದನ್ನೇ ಬರೆದು, ಪಕ್ಕದಲ್ಲಿ "ಮೊದಲು ಮಾಡುತ್ತಿತ್ತು" ಎಂದು ಸೇರಿಸಿ.

ಗೊತ್ತಿಲ್ಲದ ಪ್ರಶ್ನೆ ಬಂದರೆ ಊಹಿಸಬೇಡಿ, ಅಂದು ಸಂಜೆ ಮಾಡಿಸಿ ನೋಡಿ. ಮಗುವಿಗೆ ಜ್ವರ, ನಿದ್ದೆಗೇಡು, ಊರಿನಿಂದ ನೆಂಟರ ಗದ್ದಲ ಇರುವ ದಿನ ತುಂಬುವುದೂ ಬೇಡ.

ಮನೆಯಲ್ಲಿ ಕೇಳಿಬರುವ ಕೆಲವು ಮಾತುಗಳಿಗೆ ಇಲ್ಲಿಯೇ ಉತ್ತರ ಹೇಳಿಬಿಡುತ್ತೇನೆ. "ಅವರಪ್ಪನೂ ಮೂರು ವರ್ಷಕ್ಕೇ ಮಾತನಾಡಿದ್ದು" ಎಂಬುದು ಸಮಾಧಾನದ ಮಾತಾಗಿ ಬಳಕೆಯಾಗುತ್ತದೆ. ತಜ್ಞರ ಲೆಕ್ಕದಲ್ಲಿ ಕುಟುಂಬದಲ್ಲಿ ಮಾತು ತಡವಾದ ಇತಿಹಾಸ ಅಪಾಯದ ಸೂಚನೆಗಳಲ್ಲೊಂದು. ಅದನ್ನು ಹಾಳೆಯಲ್ಲಿ ಬರೆಯಿರಿ. "ಗಂಡುಮಕ್ಕಳು ನಿಧಾನ" ಎಂಬುದರಲ್ಲಿ ಸ್ವಲ್ಪ ನಿಜವಿದೆ, ಆದರೆ ಸರಾಸರಿಯ ಆ ಅಂತರ ಒಂದೆರಡು ತಿಂಗಳ ಆಸುಪಾಸಿನದು; ಎರಡೂವರೆ ವರ್ಷದ ಮೌನವನ್ನು ಅದು ವಿವರಿಸುವುದಿಲ್ಲ. ನಾಲಿಗೆಯ ಕೆಳಗಿನ ದಾರ ಕತ್ತರಿಸಿದರೆ ಮಾತು ಬರುತ್ತದೆ ಎಂಬ ಸಲಹೆಯೂ ಉಂಟು. ಆ ದಾರ ಕೆಲವು ಧ್ವನಿಗಳ ಉಚ್ಚಾರಕ್ಕೆ ಅಡ್ಡಿಯಾದೀತು, ಪದಗಳೇ ಹುಟ್ಟದಂತೆ ತಡೆಯುವುದಿಲ್ಲ. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವ ರೂಢಿಯಿರುವ ಮನೆಗಳಿಗೆ ಒಂದು ಮಾತು: ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು, ಬಾಟ್ಯುಲಿಸಂ ಎಂಬ ಮಾರಕ ವಿಷಬಾಧೆಯ ಅಪಾಯವಿದೆ.

ಹಂತ 7: ಅಂಕ ಮತ್ತು ಅರ್ಥ

ಎಎಸ್‌ಕ್ಯು-3ರಲ್ಲಿ ಹೌದು ಎಂದರೆ 10, ಕೆಲವೊಮ್ಮೆ ಎಂದರೆ 5, ಇನ್ನೂ ಇಲ್ಲ ಎಂದರೆ 0. ಸಂವಹನ ಭಾಗಕ್ಕೆ ಒಟ್ಟು 60. ಕಟ್-ಆಫ್, ಅಂದರೆ ಅದಕ್ಕಿಂತ ಕೆಳಗಿದ್ದರೆ ತಜ್ಞರಿಗೆ ತೋರಿಸಬೇಕೆಂಬ ಗಡಿ, ವಯಸ್ಸಿನಿಂದ ವಯಸ್ಸಿಗೆ ಬೇರೆ. ಪಕ್ಕದ ಮನೆಯ ಮಗುವಿನ ಅಂಕದೊಡನೆ ಹೋಲಿಸಿ ನೋಡುವುದರಲ್ಲಿ ಅರ್ಥವಿಲ್ಲ. ಗಡಿಯ ಸ್ವಲ್ಪ ಮೇಲೆ "ಗಮನಿಸುತ್ತಿರಬೇಕಾದ" ವಲಯವೊಂದಿದೆ.

ಎಂ-ಚಾಟ್-ಆರ್‌ನಲ್ಲಿ ಲೆಕ್ಕ ತಲೆಕೆಳಗು. ಹೆಚ್ಚಿನ ಪ್ರಶ್ನೆಗಳಿಗೆ "ಇಲ್ಲ" ಎಂಬುದೇ ಅಪಾಯದ ಅಂಕ. 2, 5 ಮತ್ತು 12ನೆಯ ಪ್ರಶ್ನೆಗಳಿಗೆ ಮಾತ್ರ "ಹೌದು" ಎಂಬುದು ಅಪಾಯದ ಅಂಕ. ಈ ಮೂರನ್ನು ಗಮನಿಸದೆ ಒಟ್ಟು ಕೂಡಿಸಿ ಕಂಗಾಲಾದವರುಂಟು. ಒಟ್ಟು 0ರಿಂದ 2 ಬಂದರೆ ಅಪಾಯ ಕಡಿಮೆ. ಆದರೆ ಮಗುವಿಗೆ ಎರಡು ವರ್ಷ ತುಂಬಿರದಿದ್ದರೆ ತುಂಬಿದ ಮೇಲೆ ಮತ್ತೊಮ್ಮೆ ಮಾಡಬೇಕು. 3ರಿಂದ 7 ಬಂದರೆ ತರಬೇತಿ ಪಡೆದವರು ಅದೇ ಪ್ರಶ್ನೆಗಳನ್ನು ಬಿಡಿಸಿ ಕೇಳುವ ಎರಡನೆಯ ಸುತ್ತಿನ ಸಂದರ್ಶನವಿದೆ. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೇರವಾಗಿ ತಜ್ಞರ ಬಳಿಗೆ.

ಅಂಕ ಏನೇ ಬರಲಿ, ಎರಡು ಕಡೆಗೂ ತಪ್ಪುವ ಸಾಧ್ಯತೆ ಪ್ರಶ್ನಾವಳಿಗಿದೆ. ತೊಂದರೆ ಇಲ್ಲದ ಮಗುವನ್ನು ಇದೆ ಎನ್ನಬಹುದು, ಇರುವುದನ್ನು ಬಿಡಬಹುದು. ಎರಡು ವರ್ಷದ ನೂರು ಮಕ್ಕಳಲ್ಲಿ ಸುಮಾರು ಹತ್ತರಿಂದ ಹದಿನೈದು ಮಕ್ಕಳು "ತಡವಾಗಿ ಮಾತನಾಡುವವರು" ಎಂಬ ಗುಂಪಿಗೆ ಸೇರುತ್ತಾರೆ. ಅವರಲ್ಲಿ ಬಹಳಷ್ಟು ಮಕ್ಕಳು ಶಾಲೆಗೆ ಸೇರುವ ಹೊತ್ತಿಗೆ ಸಮವಯಸ್ಕರನ್ನು ಹಿಡಿಯುತ್ತಾರೆ. ಯಾರು ಹಿಡಿಯುತ್ತಾರೆ, ಯಾರು ಉಳಿಯುತ್ತಾರೆ ಎಂದು ಎರಡನೆಯ ವರ್ಷಕ್ಕೇ ಖಚಿತವಾಗಿ ಹೇಳುವುದು ಕಷ್ಟ. ಹೀಗಾಗಿಯೇ ಎಲ್ಲ ಮಕ್ಕಳಿಗೂ ಕಡ್ಡಾಯವಾಗಿ ಭಾಷಾ ಸ್ಕ್ರೀನಿಂಗ್ ಮಾಡಬೇಕೇ ಎಂಬುದರಲ್ಲಿ ಒಮ್ಮತವಿಲ್ಲ. ರೋಗ ತಡೆಗಟ್ಟುವ ಸೇವೆಗಳ ಬಗ್ಗೆ ಸಲಹೆ ಕೊಡುವ ಅಮೆರಿಕದ ತಜ್ಞರ ಕಾರ್ಯಪಡೆ 2024ರಲ್ಲೂ ಇದಕ್ಕೆ ಸಾಕ್ಷ್ಯ ಸಾಲದು ಎಂದಿತು. ಆದರೆ ಆ ಮಾತು ಯಾವ ಲಕ್ಷಣವೂ ಇಲ್ಲದ, ಮನೆಯವರಿಗೆ ಚಿಂತೆಯೂ ಇಲ್ಲದ ಮಕ್ಕಳ ಬಗ್ಗೆ. ನಿಮಗೆ ಈಗಾಗಲೇ ಸಂಶಯ ಬಂದಿದೆ, ಅದಕ್ಕೇ ಇಷ್ಟು ದೂರ ಓದಿದ್ದೀರಿ. ಆದ್ದರಿಂದ ಅಂಕ ಚೆನ್ನಾಗಿ ಬಂದು, ಮನಸ್ಸಿನ ಸಂಶಯ ಹೋಗದಿದ್ದರೆ ಸಂಶಯವನ್ನೇ ನಂಬಿ ತೋರಿಸಿ.

ಹಂತ 8: ಎಲ್ಲಿಗೆ ಹೋಗಬೇಕು, ಏನು ಒಯ್ಯಬೇಕು

ಹಳ್ಳಿಯಲ್ಲಿದ್ದರೆ ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಕಾರ್ಯಕರ್ತೆಗೆ ಹೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಅವರ ಪಟ್ಟಿಯಲ್ಲಿ ಶ್ರವಣದೋಷ ಮತ್ತು ಭಾಷಾ ವಿಳಂಬ ಎರಡೂ ಇವೆ. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಹೊಂದಿಕೊಂಡ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ಅಂದರೆ ಬೆಳವಣಿಗೆಯ ತೊಂದರೆಗೆ ಬೇಗನೆ ನೆರವು ಕೊಡುವ ಕೇಂದ್ರಕ್ಕೆ, ಕಳುಹಿಸುತ್ತಾರೆ. ತಂಡ ಬರುವ ತನಕ ಕಾಯಬೇಕಿಲ್ಲ, ನೇರವಾಗಿಯೂ ಹೋಗಬಹುದು.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತಿದೆ. ಶ್ರವಣ ಪರೀಕ್ಷೆ, ಭಾಷಾ ಪರೀಕ್ಷೆ, ಚಿಕಿತ್ಸೆ ಒಂದೇ ಆವರಣದಲ್ಲಿ ಸಿಗುತ್ತವೆ, ಅದೂ ಕನ್ನಡದಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಾತು ಮತ್ತು ಶ್ರವಣದ ವಿಭಾಗವಿದೆ.

ಎಚ್ಚರಿಕೆ: ನಗರಗಳಲ್ಲಿ "ಸ್ಪೀಚ್ ಥೆರಪಿ" ಫಲಕಗಳು ಬೀದಿಗೊಂದು. ಹಣ ಕಟ್ಟುವ ಮೊದಲು ಅಲ್ಲಿನವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಿ. ಇರುವವರು ಸಂಖ್ಯೆ ತೋರಿಸಲು ಹಿಂಜರಿಯುವುದಿಲ್ಲ. ಮಗುವನ್ನು ನೋಡದೆಯೇ ಇಷ್ಟು ತಿಂಗಳಲ್ಲಿ ಮಾತು ಬರಿಸುತ್ತೇವೆ ಎನ್ನುವವರಿಂದ ದೂರವಿರಿ.

ಒಯ್ಯಬೇಕಾದವು: ತುಂಬಿದ ಹಾಳೆ, ನೋಟ್‌ಬುಕ್, ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಪತ್ರ, ಶ್ರವಣ ಪರೀಕ್ಷೆಯ ವರದಿ. ಜೊತೆಗೆ ಮಗು ಮನೆಯಲ್ಲಿ ಆಡುತ್ತಿರುವ ಎರಡು ಮೂರು ನಿಮಿಷದ ವಿಡಿಯೊ. ಕ್ಯಾಮೆರಾ ಕಡೆ ನೋಡಿಸಿ "ಹೇಳು ಹೇಳು" ಎಂದು ಪೀಡಿಸುವ ವಿಡಿಯೊ ಬೇಡ. ಊಟದ ಹೊತ್ತಿನದೋ ಆಟದ ಹೊತ್ತಿನದೋ ಸಾಕು.

ಹೊರದೇಶದಲ್ಲಿರುವ ಕನ್ನಡಿಗರಿಗೆ

ಇಂಗ್ಲೆಂಡಿನಲ್ಲಿ ಎರಡರಿಂದ ಎರಡೂವರೆ ವರ್ಷದ ತಪಾಸಣೆಗೆ ಎಎಸ್‌ಕ್ಯು-3 ಹಾಳೆಯೇ ಮನೆಗೆ ಬರುತ್ತದೆ. ಅಮೆರಿಕದಲ್ಲಿ ಮಕ್ಕಳ ವೈದ್ಯರ ಅಕಾಡೆಮಿ 9, 18 ಮತ್ತು 30 ತಿಂಗಳಿಗೆ ಬೆಳವಣಿಗೆಯ ಸ್ಕ್ರೀನಿಂಗ್ ಮಾಡಲು ಹೇಳುತ್ತದೆ. ಮೂರು ವರ್ಷದೊಳಗಿನ ಮಗುವಿನ ಬಗ್ಗೆ ಪೋಷಕರೇ ನೇರವಾಗಿ ರಾಜ್ಯದ ಶೀಘ್ರ ಮಧ್ಯಸ್ಥಿಕೆ ವಿಭಾಗಕ್ಕೆ ಕರೆ ಮಾಡಬಹುದು, ವೈದ್ಯರ ಚೀಟಿ ಬೇಕಿಲ್ಲ. ಹಾಳೆ ಇಂಗ್ಲಿಷಿನಲ್ಲಿದ್ದರೂ ಪ್ರಶ್ನೆ ಮಗುವಿನ ಭಾಷೆಯ ಬಗ್ಗೆ, ಅದರ ಇಂಗ್ಲಿಷಿನ ಬಗ್ಗೆ ಅಲ್ಲ. "ಚೆಂಡು ಕೊಡು" ಎಂದರೆ ಕೊಡುವ ಮಗುವಿಗೆ "ಹೌದು" ಎಂದೇ ಹಾಕಿ, ಮನೆಯಲ್ಲಿ ಕನ್ನಡ ಎಂದು ಮೇಲ್ಗಡೆ ಬರೆಯಿರಿ.

ಹಂತ 9: ಸರದಿ ಬರುವವರೆಗೆ, ಮತ್ತು ಮರುಪರೀಕ್ಷೆ

ತಜ್ಞರ ಭೇಟಿಗೆ ವಾರಗಳು ಹಿಡಿಯಬಹುದು. ಅಷ್ಟರಲ್ಲಿ ಮಗುವನ್ನು "ಹೇಳು, ಹೇಳಿದರೆ ಕೊಡುತ್ತೇನೆ" ಎಂದು ಕಾಡಬೇಡಿ. ಅದು ನೋಡುತ್ತಿರುವುದಕ್ಕೆ ನೀವು ಹೆಸರು ಹೇಳಿ, ಹೇಳಿದ ಮೇಲೆ ಐದಾರು ಕ್ಷಣ ಸುಮ್ಮನಿದ್ದು ಅದರ ಸರದಿಗೆ ಕಾಯಿರಿ. ಅದು "ನೀಯಿ" ಎಂದರೆ ನೀವು "ನೀರು ಬೇಕಾ? ತಣ್ಣೀರು" ಎಂದು ಒಂದು ಪದ ಸೇರಿಸಿ. ಪರದೆಯ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಹೀಗೆ: ಎರಡು ವರ್ಷದೊಳಗೆ ಬೇಡ, ಎರಡು ತುಂಬಿದ ಮೇಲೆ ದಿನಕ್ಕೆ ಒಂದು ಗಂಟೆ ಮೀರಬಾರದು. ತುತ್ತಿಗೊಂದು ವಿಡಿಯೊ ತೋರಿಸಿ ಉಣಿಸುವ ಮನೆಗಳಲ್ಲಿ ಮಾತಿನ ಅವಕಾಶ ಹೆಚ್ಚು ನಷ್ಟವಾಗುವುದು ಊಟದ ಹೊತ್ತಿನಲ್ಲೇ.

ಫಲಿತಾಂಶ ಗಡಿಯಲ್ಲಿದ್ದರೆ ಎರಡು ಮೂರು ತಿಂಗಳ ನಂತರ ಮತ್ತೆ ತುಂಬಿ. "ನೋಡೋಣ" ಎಂದುಕೊಳ್ಳದೆ ಆ ದಿನಾಂಕವನ್ನು ಇಂದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮರುಪರೀಕ್ಷೆಗೆ ಮಗುವಿನ ಅಂದಿನ ವಯಸ್ಸಿನ ಹಾಳೆಯನ್ನೇ ಬಳಸಬೇಕು. ಹಳೆಯ ಹಾಳೆಯಲ್ಲಿ ಎರಡನೆಯ ಸಲ ಒಳ್ಳೆಯ ಅಂಕ ಬರುವುದು ಸಹಜ, ಅದರಿಂದ ಏನೂ ತಿಳಿಯುವುದಿಲ್ಲ. ಹಿಂದಿನ ಉತ್ತರಗಳನ್ನು ಹೊಸದು ಪೂರ್ತಿ ತುಂಬುವ ತನಕ ತೆರೆಯಬೇಡಿ. ಆಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಹೊಸದಾಗಿ ಬಂದ ಪದಗಳ ಕೆಳಗೆ ಗೆರೆ ಎಳೆದು, ಎರಡು ಹಾಳೆಗಳನ್ನೂ ವೈದ್ಯರಿಗೆ ಕೊಡಿ.